ದೊಡ್ಡ ಮೈಯವಳಿಗೊಂದು ಅರಬ್ಬಿ ಶಬ್ದ

ರಾತ್ರಿ ಎರಡಕ್ಕೆ ಮಗಳ ತೊಟ್ಟಿಲು ಕಿರುಗುಟ್ಟಿ ಎಚ್ಚರವಾಯಿತು. ಮೈದುಂಬಿದ ಕೂಸು. ಬೆಳಗ್ಗೆ ಹೆಸರಿಡುವ ಕಾರ್ಯ. ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕಾದ ನಾದಿನಿ ನಿನ್ನೆ ಸಂಜೆ ಟಿಕೋಟಾದಿಂದ ಬಂದವಳೇ, "ಡುಮ್ಮಿ ಅಂತನ ಕೂಗತೇನಿ ನೋಡ್ರಿ!" ಎಂದು ನಕ್ಕಿದ್ದಳು.

ವಿಜಯಪುರದ ನಮ್ಮ ಓಣಿಯಲ್ಲಿ ನನ್ನನ್ನೂ ಹಾಗೇ ಕರೆಯುತ್ತಿದ್ದರು. ಒಮ್ಮೆ ಅಳುತ್ತ ಕೂತಾಗ, ಅರಬ್ಬಿ ಕಲಿಸುತ್ತಿದ್ದ ಪಕ್ಕದ ಮನೆಯ ಚಾಚಾ ಅಡಕೆ ಕತ್ತರಿಸುತ್ತಲೇ ಹೇಳಿದ್ದರು: "ಅಳಬ್ಯಾಡ ಬೇ. ಅರಬ್ಬಿಯೊಳಗ ದೊಡ್ಡ ಮೈಯವ ಜಸೀಮ್, ಮುಗಿಲು ಮುಟ್ಟೂ ಗುಡ್ಡ ಶಾಮಿಖ್. ನಿನ್ನಂಥಾ ತುಂಬಿದ ಹುಡುಗಿಗೂ ಹೊಗಳೂ ಶಬ್ದ ಐತಿ."

ಅದನ್ನೂ ಕಲಿಸಿದರು. ಮರುದಿನ ಅಣಕಿಸಿದವರ ಮುಂದೆ ಎದೆಯೆತ್ತಿ ಅದನ್ನೇ ಕೂಗಿದ್ದೆ. ಚಾಚಾ ಈಗಿಲ್ಲ, ಶಬ್ದವೂ ಮರೆತುಹೋಗಿದೆ.

ಮಗಳ ಕಿವಿಗೆ ಮೊದಲು ಗೇಲಿ ಬೀಳಲು ನಾನು ಬಿಡುವುದಿಲ್ಲ. ಅದಕ್ಕೇ ಈ ಅಪರಾತ್ರಿಯಲ್ಲಿ ಇದನ್ನು ಮೊಬೈಲಿನಲ್ಲಿ ಬರೆದು ಗುರುತಿನವರಿಗೆಲ್ಲ ಕಳಿಸುತ್ತಿದ್ದೇನೆ. ಅರಬ್ಬಿ ಬಲ್ಲವರು ಯಾರಾದರೂ ಓದುತ್ತಿದ್ದರೆ, ಕೈಮುಗಿಯುತ್ತೇನೆ, ಬೆಳಗಾಗುವುದರೊಳಗೆ ಫೋನ್ ಮಾಡಿ ಆ ಶಬ್ದ ಹೇಳಿ.