ಎರಡು ಕೆರೆ, ಒಂದು ಪುಟ್ಟಿ

ಲೇಪಾಕ್ಷಿ ಹತ್ತಿರದ ನಮ್ಮೂರ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬಾತ ತನ್ನ ಹರಿಗೋಲನ್ನು ಪುಟ್ಟಿ ಎನ್ನುತ್ತಿದ್ದ. ದಡ ಸೇರಿದೊಡನೆ, "ಇಷ್ಟೊತ್ತು ಅದು ನಮ್ಮನ್ನ ಹೊತ್ತೈತೆ, ಈಗ ನಾವು ಅದನ್ನ ಹೊರಾಣ" ಎಂದು ತಲೆಯ ಮೇಲೆ ಕವುಚಿಕೊಳ್ಳುತ್ತಿದ್ದ.

ಪಕ್ಕದೂರಿನ ಕೆರೆಯೂ ತುಂಬಿದ ವರ್ಷ ಅಜ್ಜಿಗೆ ನೀರಿನ ಮೇಲೆಯೇ ಆ ಕೆರೆಯಾಚೆಯ ತವರಿಗೆ ಹೋಗುವ ಆಸೆಯಾಯಿತು. ಆತನ ಪುಟ್ಟಿಯಲ್ಲಿ ಒಂದು ಕೆರೆ ದಾಟಿದೆವು. ನಡುವಿನ ಬಯಲಲ್ಲಿ ಪುಟ್ಟಿಯನ್ನು ನಾವೇ ಹೊರುತ್ತೇವೆಂದು ಅಪ್ಪ, ಅಮ್ಮ, ನಾನು ಅದರಡಿ ತೂರಿದೆವು. ಒಳಗಿನಿಂದ ನಮಗೆ ನಮ್ಮ ಪಾದಗಳಷ್ಟೇ ಕಾಣುತ್ತಿದ್ದವು. ಹಿಂದಿನಿಂದ ಅಜ್ಜಿ ಆತನಿಗೆ, "ಸುಮ್ಕಿರಪ್ಪ, ಎಲ್ಲಿಗೋಯ್ತಾರೋ ನೋಡಾಣ" ಎನ್ನುತ್ತಿದ್ದಳು. ನೀರು ಸಿಕ್ಕಿತೆಂದು ಖುಷಿಯಿಂದ ಇಳಿಸಿದರೆ, ದಾಟಿ ಬಂದ ಕೆರೆಯೇ!

ಆತ ಹೊಟ್ಟೆ ಹಿಡಿದು ನಕ್ಕ. "ನೀರಾಗೆ ಸುತ್ತೋ ಪುಟ್ಟಿ ನೆಲದ ಮೇಲೂ ಸುತ್ತಿಸ್ಬುಡ್ತು ಕಣಣ್ಣ!"

ತವರಿನ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅಜ್ಜಿ ಈ ಸುದ್ದಿ ಹೇಳಿಬಿಟ್ಟಿದ್ದಳು.