ಡಿಸ್ಕಿಗೆ ಹಚ್ಚಿದ ಕುಂಕುಮ

ಹಳೆಯ ಕಾರಿನ ಡಿಕ್ಕಿ ಗುಡಿಸುವುದು ನಮ್ಮ ಮನೆಯಲ್ಲಿ ಉತ್ಖನನಕ್ಕೆ ಸಮಾನವಾದ ಕಾರ್ಯ. ಹೋದ ವಾರ ಅದಕ್ಕೆ ಕೈಹಾಕಿದಾಗ ಸ್ಟೆಪ್ನಿಯ ಕೆಳಗೊಂದು ದಿನಪತ್ರಿಕೆಯ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಒಂದು ಬ್ರೇಕ್ ಪ್ಯಾಡು. ಅದಕ್ಕೆ ಕೊಬ್ಬರಿ ಎಣ್ಣೆಯ ಕಮಟು ವಾಸನೆ. ಅಂಚಿನಲ್ಲಿ ಕುಂಕುಮದ ಕೆಂಪು. ಬ್ರೇಕ್ ಪ್ಯಾಡಿಗೆ ಇಂಥ ಗತಿ ತಂದವರು ಪ್ರಪಂಚದಲ್ಲಿ ಹೆಚ್ಚು ಜನ ಇರಲಾರರು. ನಾನೊಬ್ಬ ಇದ್ದೇನೆ. ಆ ಪೊಟ್ಟಣ ಕಟ್ಟಿಕೊಟ್ಟ ಮೇಸ್ತ್ರಿ ಈಗಿಲ್ಲ...

ನಜರ್‌ಬಾದಿನ ಗಲ್ಲಿಯೊಂದರಲ್ಲಿ ಅವರ ವರ್ಕ್‌ಶಾಪು ಇತ್ತು. ನಮ್ಮಪ್ಪನ ಕಾಲದಿಂದಲೂ ಈ ಕಾರಿನ ನಾಲ್ಕು ಡ್ರಮ್ ಬ್ರೇಕುಗಳು ಅವರ ಸುಪರ್ದಿಯಲ್ಲಿದ್ದವು. ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಪೆಡಲ್ ಒತ್ತಿ, ಕಣ್ಣು ಮುಚ್ಚಿ, "ಎಡಗಡೆ ಮುಂದಿಂದು ಸೋಮಾರಿಯಾಗಿದೆ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಆ ಸೋಮಾರಿ ಅಲ್ಲೇ ಸಿಕ್ಕಿಬೀಳುತ್ತಿತ್ತು. ಚಪ್ಪಲಿ ಹಾಕಿಕೊಂಡು ಬ್ರೇಕ್ ಪರೀಕ್ಷಿಸುವವರನ್ನು ಅವರು ಮೆಕ್ಯಾನಿಕ್ಕು ಎಂದೇ ಒಪ್ಪುತ್ತಿರಲಿಲ್ಲ.

ಒಂದು ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಚಾಮುಂಡಿಬೆಟ್ಟ ಇಳಿಯುತ್ತಿದ್ದೆ. ಮುಂದೆ ಬಸ್ಸು, ತಿರುವಿಗೊಮ್ಮೆ ಬ್ರೇಕು. ಸುಟ್ಟ ವಾಸನೆ ಬಂತು. ಆಮೇಲೆ ಪೆಡಲ್ ಒತ್ತಿದರೆ ಕಾರು ನನ್ನ ವಿನಂತಿಯನ್ನು ಪರಿಶೀಲಿಸಿತೇ ಹೊರತು ಮಂಜೂರು ಮಾಡಲಿಲ್ಲ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆಯಂಚಿನ ಮಣ್ಣುದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಅವಳು ಇಳಿದು, ಸೆರಗು ಸರಿಮಾಡಿಕೊಂಡು, ಉಳಿದ ಬೆಟ್ಟವನ್ನು ನಡೆದೇ ಇಳಿದಳು. ಮನೆಗೆ ಬಂದ ಮೇಲೆ ತೀರ್ಪು ಹೊರಬಿತ್ತು: "ಇನ್ನು ನಾನಂತೂ ಅದ್ರಲ್ಲಿ ಕೂರಲ್ಲ ಕಣ್ರೀ. ಒಬ್ಬರೇ ಸವಾರಿ ಮಾಡೋದಕ್ಕೆ ಕಾರು ಯಾಕೆ? ಮಾರಿಬಿಡಿ."

ಅಪ್ಪನ ಕಾರು. ಮಾರುವ ಮಾತು ನನಗೆ ನುಂಗಲಾಗಲಿಲ್ಲ.

ಮೇಸ್ತ್ರಿ ತಮ್ಮ ಡ್ರಮ್ಮುಗಳ ಪರವಾಗಿ ವಾದಿಸುತ್ತಾರೆಂದೇ ನನ್ನ ನಂಬಿಕೆಯಾಗಿತ್ತು. ಅವರು ತಣ್ಣಗೆ, "ಡ್ರಮ್ಮು ಮುಚ್ಚಿದ ಪಾತ್ರೆ ಸ್ವಾಮಿ. ಬೆಟ್ಟ ಇಳಿಯೋವಾಗ ಹುಟ್ಟೋ ಬಿಸಿ ಎಲ್ಲಿಗೆ ಹೋಗ್ಬೇಕು? ಡಿಸ್ಕು ಗಾಳಿಗೆ ಬಿಟ್ಟುಕೊಂಡಿರುತ್ತೆ. ಮುಂದಿನ ಎರಡಕ್ಕೂ ಡಿಸ್ಕ್ ಹಾಕ್ಬುಡಾಣ" ಎಂದರು.

"ಇಷ್ಟು ವರ್ಷ ಡ್ರಮ್ಮೇ ಸಾಕು ಅಂತಿದ್ರಲ್ಲ?"

"ಅಂತಿದ್ದೆ. ಈಗ ಸಾಲ್ದು ಅಂತಿದೀನಿ."

ಜೀವಮಾನದ ಅಭಿಪ್ರಾಯವನ್ನು ಅಷ್ಟು ಸಲೀಸಾಗಿ ಕೆಳಗಿಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ನನಗೆ ಕಾಫಿಯ ಬ್ರಾಂಡು ಬದಲಾಯಿಸಲೂ ಎರಡು ವರ್ಷ ಬೇಕಾಗಿತ್ತು.

ಗುಜರಿಗೆ ಬಂದಿದ್ದ ಹೊಸ ಕಾಲದ ಕಾರೊಂದರಿಂದ ಡಿಸ್ಕು ತಂದರು. ಅದು ನಮ್ಮ ಕಾರಿಗೆ ಕೂರಬೇಕಾದರೆ ನಡುವೆ ಒಂದು ಉಕ್ಕಿನ ಪ್ಲೇಟು ಬೇಕು; ಲೇತಿನಲ್ಲಿ ಮಾಡಿಸಿದರು. ಮೊದಲ ಜೋಡಿ ಕೂದಲೆಳೆಯಷ್ಟು ಆಚೀಚೆಯಾಯಿತೆಂದು ಮೂಲೆಗೆಸೆದು ಮತ್ತೊಂದು ಮಾಡಿಸಿದರು. ಹಿಂದಿನ ಚಕ್ರಗಳಿಗೆ ಡ್ರಮ್ಮೇ ಉಳಿಯಿತು. "ಹಳಬರನ್ನ ಪೂರ್ತಿ ಓಡಿಸಬಾರ್ದು ಬುಡಿ" ಎಂದರು. ಮೂರು ವಾರದ ನಂತರ ಕಾರು ಮನೆಗೆ ಬಂತು. ಹೆಂಡತಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಆಯುಧಪೂಜೆ ದಿನ ಕೂರ್ತೀನಿ. ಪೂಜೆಯಾದ ಮೇಲೆ ಬೆಟ್ಟಕ್ಕೆ ಹೋಗೋಣ" ಎಂದು ಅವಕಾಶ ಕೊಟ್ಟಳು.

ಆಯುಧಪೂಜೆಯ ಬೆಳಗ್ಗೆ ನನ್ನ ಭಕ್ತಿ ಉಕ್ಕಿತು. ಡ್ರಮ್ಮಿಗೆ ಯಾರೂ ಪೂಜೆ ಮಾಡಿದ್ದಿಲ್ಲ. ಅದು ಒಳಗೆಲ್ಲೋ ಅಡಗಿರುವ ದೇವರು. ಡಿಸ್ಕು ಹಾಗಲ್ಲ. ಹೊಸ ಅತಿಥಿಗಳಿಗೆ ಉಪಚಾರ ನಡೆಯಲೆಂದು ಜಾಕ್ ಕೊಟ್ಟು ಮುಂದಿನ ಎರಡೂ ಚಕ್ರ ಬಿಚ್ಚಿ, ಕುಂಕುಮ ಚೆನ್ನಾಗಿ ನಿಲ್ಲಲೆಂದು ಹೊಳೆಯುವ ಡಿಸ್ಕಿನ ತುಂಬ ಕೊಬ್ಬರಿ ಎಣ್ಣೆ ಸವರಿ, ಮೂರು ಬೆರಳಲ್ಲಿ ಕುಂಕುಮ ಎಳೆದೆ. ಚಕ್ರ ತೊಡಿಸಿದೆ. ಮಂಗಳಾರತಿಯಾಯಿತು. ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದೆ. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಕಾರು ನಿಲ್ಲಲಿಲ್ಲ. ಗೇಟಿಗೆ ಕಟ್ಟಿದ್ದ ಬಾಳೆಕಂದನ್ನು ಮಲಗಿಸಿ ರಸ್ತೆ ದಾಟಿತು. ಎದುರು ಮನೆಯ ಕಾಂಪೌಂಡಿಗೆ ಒಂದು ಗೇಣು ಇದೆಯೆನ್ನುವಾಗ ಹ್ಯಾಂಡ್‌ಬ್ರೇಕು ಹಿಡಿಯಿತು. ಹೆಂಡತಿ ಒಳಗೆ ಒಬ್ಬಟ್ಟು ತಟ್ಟುತ್ತಿದ್ದಳು. ನೋಡಲಿಲ್ಲ.

ಫೋನು ಮಾಡಿದೆ. ಶ್ರೀರಾಂಪುರದ ನಮ್ಮ ಮನೆಗೆ ಮೇಸ್ತ್ರಿ ಜರಿಪಂಚೆಯಲ್ಲೇ ಬಂದರು, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಹೊಸ ಪ್ಯಾಡುಗಳ ಪೊಟ್ಟಣ. ಆ ದಿನ ಅವರ ಆಯುಧಗಳೆಲ್ಲ ಪೂಜೆಗೆ ಕೂತಿದ್ದವು, ಮುಟ್ಟುವಂತಿಲ್ಲ.

"ಪೂಜೆ ಮಾಡದೇ ಇರೋ ಸ್ಪ್ಯಾನರ್ ಏನಾದ್ರೂ ಇದ್ಯಾ ಸ್ವಾಮಿ?"

ಬೆಳಗ್ಗೆ ಚಕ್ರ ಬಿಚ್ಚಿ ಡಿಕ್ಕಿಗೆ ಎಸೆದಿದ್ದ ಸ್ಪ್ಯಾನರುಗಳನ್ನು ತೋರಿಸಿದೆ. ಅವಕ್ಕೆ ಒಂದು ಹೂವೂ ಇಟ್ಟಿರಲಿಲ್ಲ.

"ಸದ್ಯ. ನಿಮ್ಮ ಭಕ್ತಿ ಮುಳುಗಿಸ್ತು, ಸೋಮಾರಿತನ ಕಾಪಾಡ್ತು."

ಡಿಸ್ಕುಗಳನ್ನು ಪೆಟ್ರೋಲಿನಲ್ಲಿ ಒರೆಸಿ ಅವನ್ನು ಕಚ್ಚಿ ಹಿಡಿಯಬೇಕಾಗಿದ್ದ, ಈಗ ಎಣ್ಣೆ ಕುಡಿದ ಪ್ಯಾಡು ಬದಲಾಯಿಸುತ್ತಿರುವಾಗ ಹೆಂಡತಿ ಕಾಫಿ ಹಿಡಿದು ಬಂದಳು. "ಏನಾಯ್ತು?"

ನಾನು ಅವಳ ಬೆನ್ನಹಿಂದೆ ನಿಂತು ಎರಡೂ ಕೈ ಜೋಡಿಸಿದೆ. ಮೇಸ್ತ್ರಿ ನನ್ನನ್ನು ನೋಡಿದರು. ಆಮೇಲೆ ಅವಳನ್ನು ನೋಡಿ, "ಬ್ರೇಕ್ ಹಿಡೀಲಿಲ್ಲ ತಾಯಿ. ಇವರು ಡಿಸ್ಕಿಗೆ ಎಣ್ಣೆ ಹಚ್ಚಿದ್ರು. ತಪ್ಪು ನಂದು. ಹೊಸದು ಹಾಕ್ದೋನು ಹೇಳ್ಬೇಕಾಗಿತ್ತು, ಹೇಳಲಿಲ್ಲ" ಎಂದರು.

ಕಾರು ಮಾರಿಹೋಯಿತು ಎಂದುಕೊಂಡೆ.

"ಈಗ ಇವರ ಜೊತೆ ನಾನು ಬೆಟ್ಟ ಹತ್ತಿ ಇಳಿದು ಬರ್ತೀನಿ. ಬಂದ್ಮೇಲೆ ನೀವು ಕೂತ್ಕೊಳಿ."

"ಬರದಿದ್ರೆ?"

"ಬರದಿದ್ರೆ ಕೂರೋ ಮಾತೇ ಇಲ್ಲ ಬುಡಿ."

ಅವಳು ನಕ್ಕಳು. ಬೆಟ್ಟದ ಆ ಭಾನುವಾರದ ನಂತರ ಕಾರಿನ ವಿಷಯದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಕಾಫಿ ಲೋಟವನ್ನು ಅವರ ಕೈಗಿಟ್ಟು, "ನೀವು ಹೋಗಿ ಬರೋದೇನೂ ಬೇಡ. ನಾನೂ ಬರ್ತೀನಿ. ಸುಳ್ಳು ಹೇಳೋರಾಗಿದ್ರೆ ಇಷ್ಟೊತ್ತಿಗೆ ಹೇಳ್ಬಿಡ್ತಿದ್ರಿ" ಎಂದಳು. ಮೂವರೂ ಹೋದೆವು. ಇಳಿಜಾರಿನ ಪ್ರತಿ ತಿರುವಿನಲ್ಲೂ ಕಾರು ವಿಧೇಯ ಗುಮಾಸ್ತನಂತೆ ನಿಂತಿತು. ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ಚಪ್ಪಲಿ ಕಳಚಿಟ್ಟು... ಹಳೆಯ ಪ್ಯಾಡೊಂದನ್ನು ಪೊಟ್ಟಣ ಕಟ್ಟಿ ಕೊಟ್ಟದ್ದು ಅವತ್ತೇ. "ಮುಂದಿನ ವರ್ಷ ಭಕ್ತಿ ಜಾಸ್ತಿಯಾದ್ರೆ ಇದನ್ನ ನೋಡ್ಕೊಳಿ."

ಅವರು ಹೋಗಿ ಮೂರು ವರ್ಷವಾಯಿತು. ವರ್ಕ್‌ಶಾಪಿನ ಜಾಗದಲ್ಲಿ ಈಗ ಮೊಬೈಲ್ ಕವರುಗಳು ತೂಗಾಡುತ್ತವೆ. ಮೊನ್ನೆ ಹೊಸ ಗ್ಯಾರೇಜಿನಲ್ಲಿ ಬ್ರೇಕ್ ಮಾಡಿಸಿಕೊಂಡು ಬಂದು, "ಎಲ್ಲಾ ಸರಿಯಾಗಿದೆಯಂತೆ" ಎಂದೆ.

"ಯಾರು ಹೇಳಿದ್ದು?" ಎಂದಳು ಹೆಂಡತಿ.

ನಾನು ಗ್ಯಾರೇಜಿನ ಬಿಲ್ಲು ತೋರಿಸಿದೆ; ಅದರಲ್ಲಿ ಯಾವ ಮೇಸ್ತ್ರಿಯ ಹೆಸರೂ ಇರಲಿಲ್ಲ. ಆದರೂ ಅವಳು ಬಂದು ಕಾರಿನಲ್ಲಿ ನನ್ನ ಪಕ್ಕ ಕೂತಳು. ಬೆಟ್ಟಕ್ಕೆ ಹೋಗಿ, ಎರಡನೇ ಗೇರಿನಲ್ಲಿ, ನಿಧಾನವಾಗಿ ಇಳಿದೆವು.