ಮಂಕರಿಯ ಮೇಲಿನ ಟೊಮೆಟೊ

ಪಿಯುಸಿ ಸಂಖ್ಯಾಶಾಸ್ತ್ರ ಪರೀಕ್ಷೆಯ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದಾಗ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ನಾರ್ಮಲ್ ಕರ್ವ್. 'ಯಾವ ರಾಶಿಯನ್ನಾದರೂ ನೋಡಿ. ತೀರಾ ಸಣ್ಣವು ಕೆಲವು, ತೀರಾ ದಪ್ಪನವು ಕೆಲವು, ಮಧ್ಯಮ ಗಾತ್ರದವೇ ಹೆಚ್ಚು. ಅದಕ್ಕೇ ಗ್ರಾಫಿನ ಗೆರೆ ನಡುವೆ ಗುಡ್ಡದ ಹಾಗೆ ಏಳುತ್ತೆ' ಎಂದಿದ್ದರು ಮೇಷ್ಟ್ರು. ನನಗೆ ನಂಬಿಕೆಯೇ ಬಂದಿರಲಿಲ್ಲ.

ತೆರಕಣಾಂಬಿಯಲ್ಲಿ ಹತ್ತಿದ ಹೆಂಗಸೊಬ್ಬರು ಟೊಮೆಟೊ ತುಂಬಿದ ಮಂಕರಿಯನ್ನು ಕಾಲ ಬಳಿ ಇಟ್ಟು ನನ್ನ ಪಕ್ಕ ಕೂತರು. ಬಗ್ಗಿ ನೋಡಿದೆ. ಒಂದೊಂದೂ ಮುಷ್ಟಿಗಾತ್ರ! ಇದರಲ್ಲಿ ಗುಡ್ಡ ಎಲ್ಲಿಂದ ಬರಬೇಕು?

"ಎಲ್ಲಾ ಇಷ್ಟೇ ದಪ್ಪ ಇದಾವಾ ಅಕ್ಕ?"

"ಊಂ ಕಣಮ್ಮಿ, ಎಲ್ಲಾ ಒಂದೇ ಸಮ" ಎಂದರು, ಬಸ್ಸಿಗೆಲ್ಲ ಕೇಳುವಂತೆ.

"ಹಾಗಾದ್ರೆ ನಾನು ಓದಿದ್ದೆಲ್ಲ ತಪ್ಪು. ಇವತ್ತು ಫೇಲಾಗ್ತೀನಿ" ಎನ್ನುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂತು.

ಆಕೆ ಗಾಬರಿಯಾಗಿ ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು. "ಅಳಬ್ಯಾಡ, ಸುಮ್ಕಿರು. ದಪ್ಪವ ಆರ್ಸಿ ಮ್ಯಾಲೆ ಜೋಡ್ಸಿವ್ನಿ. ಒಳಗೆಲ್ಲ ಮಧ್ಯಮದವೇ. ತಳದಲ್ಲಿ ಗೋಲಿಯಂಥವೂ ಒಸಿ ಅವೆ. ಮಾರ್ಕೆಟ್ಟಲ್ಲಿ ಯಾರ್ಗಾದ್ರೂ ಏಳ್ಬುಟ್ಟೀಯೆ ಮತ್ತೆ!"

ಗುಡ್ಡ ಕಣ್ಮುಂದೆ ಎದ್ದು ನಿಂತಿತು.

ಪರೀಕ್ಷೆಯಲ್ಲಿ ನಾರ್ಮಲ್ ಕರ್ವ್ ಪ್ರಶ್ನೆ ಬಂದಿತ್ತು, ಬರೆದೆ. ಮಿಕ್ಕ ಉತ್ತರಗಳನ್ನು ಆಕೆಯ ಹಾಗೇ ಜೋಡಿಸಿದೆ. ಚೆನ್ನಾಗಿ ಗೊತ್ತಿದ್ದವು ಮೊದಲ ಪುಟಗಳಲ್ಲಿ, ಗೋಲಿಯಂಥವು ಕೊನೆಗೆ. ಫಲಿತಾಂಶ ಬರುವವರೆಗೂ ಒಂದೇ ದಿಗಿಲು: ಪೇಪರ್ ತಿದ್ದುವವರು ಮಂಕರಿಯ ತಳಕ್ಕೆ ಕೈ ಹಾಕದಿದ್ದರೆ ಸಾಕಪ್ಪ.